ಒಂದೇ ದೊಡ್ಡ ಜಾಲತಾಣವೋ, ಬೆಳೆಗೊಂದು ಸಣ್ಣ ತಾಣವೋ? ಮೂರು ಜಿಲ್ಲೆಗಳ ಕೃಷಿ ಬರಹಗಳ ಬಗ್ಗೆ ಸಲಹೆ ಬೇಕಾಗಿದೆ

ಹಿಪ್ಪುನೇರಳೆ, ಚಿಂತಾಮಣಿ
ಭಾನುವಾರ, ಬೆಳಿಗ್ಗೆ 6.40

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ನಾವು ಮೂವರು ಸೇರಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಬೇಸಾಯದ ಬಗ್ಗೆ ಕನ್ನಡದಲ್ಲಿ ಒಂದು ಜಾಲತಾಣವನ್ನು ನಡೆಸುತ್ತಿದ್ದೇವೆ. ನಾನು ಚಿಂತಾಮಣಿ ತಾಲ್ಲೂಕಿನಲ್ಲಿ ಎರಡು ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ಹುಳು ಸಾಕುವವನು. ಎರಡನೆಯವರು ರೇಷ್ಮೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಮೂರನೆಯವರು ತಿಪಟೂರಿನ ಕಡೆ ಕೊಬ್ಬರಿ ವ್ಯವಹಾರ ಮಾಡುವ ಮನೆತನದ ಯುವಕ. ಇದುವರೆಗೆ 340 ಲೇಖನಗಳು ಸೇರಿವೆ. ಅವುಗಳಲ್ಲಿ ರೇಷ್ಮೆಯವು 130, ಟೊಮೆಟೊ ಮತ್ತು ಇತರ ತರಕಾರಿಗಳವು 80, ಮಾವಿನವು 55, ತೆಂಗು ಮತ್ತು ಅಡಿಕೆಯವು 45, ಉಳಿದ 30 ಹೈನುಗಾರಿಕೆಯವು.

ಈಗ ನಮ್ಮೊಳಗೆ ಒಂದು ಭಿನ್ನಾಭಿಪ್ರಾಯ ಹುಟ್ಟಿದೆ. ಇದನ್ನೆಲ್ಲ ಒಡೆದು ಬೆಳೆಗೊಂದರಂತೆ ಐದು ತಾಣಗಳನ್ನು ಮಾಡಬೇಕು, ಪ್ರತಿಯೊಂದಕ್ಕೂ ಆ ಬೆಳೆಯ ಹೆಸರೇ ಇರುವ ಡೊಮೇನ್ ಕೊಳ್ಳಬೇಕು ಎಂಬುದು ಯುವಕನ ವಾದ. ರೇಷ್ಮೆಯೊಂದನ್ನಾದರೂ ಬೇರೆ ಮಾಡಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ರೈತನಿಗೂ ಗೂಡಿನಿಂದ ನೂಲು ತೆಗೆಯುವ ರೀಲರಿಗೂ ಇದು ತನ್ನದೇ ತಾಣ ಎನ್ನಿಸುವಂತೆ ಇರಬೇಕು ಎಂಬುದು ಹಿರಿಯರ ಆಸೆ. ನನಗೆ ಎರಡೂ ಸರಿಯೆಂದೇ ತೋರುತ್ತದೆ, ಆದರೆ ಐದು ತಾಣಗಳ ಹೊರೆಯನ್ನು ನೆನೆದರೆ ಧೈರ್ಯ ಸಾಲುವುದಿಲ್ಲ. ಹುಳು ಮನೆಯಲ್ಲಿರುವ ಇಪ್ಪತ್ತೈದು ದಿನಗಳಲ್ಲಿ, ಅದರಲ್ಲೂ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಕಳೆದು ಹುಳು ಸೊಪ್ಪಿಗೆ ಬಾಯಿ ಹಾಕುವ ಕೊನೆಯ ವಾರದಲ್ಲಿ, ನಾನು ಒಂದು ತಾಣದ ಕಡೆಗೂ ತಿರುಗಿ ನೋಡಲಾಗುವುದಿಲ್ಲ. ಇಂಥ ಹಾದಿಯಲ್ಲಿ ನಡೆದು ಅನುಭವ ಇರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಪ್ಯಾಸೆಂಜರ್ ರೈಲು, ತುಮಕೂರು
ಭಾನುವಾರ, ಬೆಳಿಗ್ಗೆ 9.15

ನಮಸ್ಕಾರ ಸರ್. ದಿನವೂ ತುಮಕೂರಿನಿಂದ ಬೆಂಗಳೂರಿಗೆ ಓಡಾಡುತ್ತಾ ಜಾಲತಾಣಗಳ ಕೆಲಸವನ್ನೇ ಮಾಡುವವನು ನಾನು. ಹೀಗಾಗಿ ಮೊದಲು ಈ ವಾದಗಳು ಎಲ್ಲಿಂದ ಬಂದವು ಎಂಬುದನ್ನು ಹೇಳುತ್ತೇನೆ.

ಬೆಳೆಯ ಹೆಸರನ್ನೇ ಡೊಮೇನ್ ಮಾಡಿಕೊಂಡರೆ ಹುಡುಕಾಟದಲ್ಲಿ ಮೇಲೆ ಬರಬಹುದು ಎಂಬ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಜನ ಹುಡುಕುವ ಪದಗಳೇ ವಿಳಾಸವಾಗಿರುವ ತಾಣಗಳಿಗೆ ಗೂಗಲ್‌ನಲ್ಲಿ ಅನುಕೂಲ ಸಿಗುತ್ತಿತ್ತು, ಅದನ್ನು ನೆಚ್ಚಿ ಹತ್ತಿಪ್ಪತ್ತು ಪುಟಗಳ ಸಣ್ಣ ತಾಣಗಳನ್ನು ರಾಶಿರಾಶಿಯಾಗಿ ಕಟ್ಟುವವರಿದ್ದರು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮಾಡಿದ ಬದಲಾವಣೆಯೊಂದು ತಿರುಳಿಲ್ಲದ ಅಂಥ ತಾಣಗಳನ್ನು ಕೆಳಕ್ಕೆ ತಳ್ಳಿತು. ಆದ್ದರಿಂದ ಹೆಸರಿಗಾಗಿಯೇ ಒಡೆಯುವುದಾದರೆ, ಆ ಕಾರಣ ಮುಗಿದು ಹತ್ತು ವರ್ಷಗಳ ಮೇಲಾಯಿತು ಎಂದು ತಿಳಿಯಿರಿ.

ಇದರ ಎದುರಿಗೆ ದೊಡ್ಡ ತಾಣಗಳಿಗೂ ಪೆಟ್ಟು ಬಿದ್ದಿದೆ. 2011ರ ಫೆಬ್ರವರಿಯಲ್ಲಿ ಬಂದ ಪಾಂಡಾ ಎಂಬ ಬದಲಾವಣೆಯ ನಂತರ, ಒಂದು ತಾಣದಲ್ಲಿ ಪೊಳ್ಳು ಪುಟಗಳು ಹೆಚ್ಚಾಗಿದ್ದರೆ ಅದರಲ್ಲಿರುವ ಒಳ್ಳೆಯ ಪುಟಗಳೂ ಅವುಗಳ ಜೊತೆಗೆ ಕೆಳಗಿಳಿಯತೊಡಗಿದವು. 2022ರ ಆಗಸ್ಟ್‌ನಲ್ಲಿ ಬಂದು 2024ರ ಮಾರ್ಚ್‌ನಲ್ಲಿ ಗೂಗಲ್‌ನ ಮುಖ್ಯ ವ್ಯವಸ್ಥೆಯೊಳಗೇ ಸೇರಿಹೋದ ಇನ್ನೊಂದು ಪದ್ಧತಿಯೂ ಆರಂಭದಲ್ಲಿ ಇಡೀ ತಾಣವನ್ನೇ ತೂಗಿ ನೋಡುವಂಥದ್ದಾಗಿತ್ತು. ನಿಮ್ಮ ಹೈನುಗಾರಿಕೆಯ 30 ಲೇಖನಗಳು ಅಲ್ಲಿ ಇಲ್ಲಿ ಓದಿ ಬರೆದವಾಗಿದ್ದರೆ, ಹಿರಿಯರು ಕೈಯಾರೆ ಬರೆದ ರೇಷ್ಮೆಯ ಲೇಖನಗಳಿಗೆ ಅವು ಭಾರವಾಗಬಹುದು.

ದೊಡ್ಡದನ್ನು ಒಡೆದು ಗೆದ್ದವರ ಉದಾಹರಣೆಯೂ ಇದೆ. 1997ರಲ್ಲಿ ಮೈನಿಂಗ್ ಕಂಪನಿ ಎಂಬ ಹೆಸರಿನಿಂದ ಆರಂಭವಾಗಿ 1999ರಲ್ಲಿ ಅಬೌಟ್ ಡಾಟ್ ಕಾಮ್ ಎಂದು ಹೆಸರು ಬದಲಿಸಿಕೊಂಡ ಅಮೆರಿಕದ ತಾಣದಲ್ಲಿ ಆರೋಗ್ಯದಿಂದ ಅಡುಗೆಯವರೆಗೆ ಎಲ್ಲ ವಿಷಯಗಳೂ ಇದ್ದವು. ನ್ಯೂಯಾರ್ಕ್ ಟೈಮ್ಸ್ ಸಂಸ್ಥೆ 2005ರಲ್ಲಿ ಅದನ್ನು ಸುಮಾರು 41 ಕೋಟಿ ಡಾಲರಿಗೆ ಕೊಂಡು, 2012ರಲ್ಲಿ 30 ಕೋಟಿ ಡಾಲರಿಗೆ ಮಾರಬೇಕಾಯಿತು. ಎಲ್ಲವನ್ನೂ ಹೇಳುವ ತಾಣವನ್ನು ಓದುಗರೂ ನಂಬದಾದರು, ಹುಡುಕಾಟವೂ ಕೈಬಿಡುತ್ತಾ ಬಂದಿತ್ತು. 2016ರಿಂದ ಅದನ್ನು ಕೊಂಡಿದ್ದವರು ಆರೋಗ್ಯಕ್ಕೆ ವೆರಿವೆಲ್, ಹಣಕಾಸಿಗೆ ದಿ ಬ್ಯಾಲೆನ್ಸ್, ಮನೆವಾರ್ತೆಗೆ ದಿ ಸ್ಪ್ರೂಸ್ ಎಂದು ಬೇರೆಬೇರೆ ಹೆಸರುಗಳಲ್ಲಿ ತಾಣಗಳನ್ನು ತೆರೆದು, ಹಳೆಯ ಲೇಖನಗಳಲ್ಲಿ ಬಹಳಷ್ಟನ್ನು ಕೈಬಿಟ್ಟು, ಉಳಿದವನ್ನು ತಿದ್ದಿ ಬರೆಸಿದರು. 2017ರಲ್ಲಿ ಕಂಪನಿಯೇ ಡಾಟ್‌ಡ್ಯಾಶ್ ಎಂದು ಹೆಸರು ಬದಲಿಸಿಕೊಂಡು ಮತ್ತೆ ಬೆಳೆಯಿತು. ಆದರೆ ಅವರು ಒಂದೊಂದು ತಾಣಕ್ಕೂ ಅದರದೇ ಸಂಪಾದಕರನ್ನು ಕೂರಿಸಿದರು ಎಂಬುದನ್ನು ಮರೆಯಬಾರದು. ನೀವು ಇರುವುದು ಮೂವರು.

ಗಣಿಯ ನೆನಪು, ಕೆ.ಜಿ.ಎಫ್.
ಭಾನುವಾರ, ಮಧ್ಯಾಹ್ನ 12.05

ನಾನು ನಿವೃತ್ತ ಶಿಕ್ಷಕ. ಕೋಲಾರದ ಚಿನ್ನದ ಗಣಿಯ ಬಗ್ಗೆ, ಅದೊಂದರ ಬಗ್ಗೆ ಮಾತ್ರ, ಎಂಟು ವರ್ಷಗಳಿಂದ ಒಂದು ಪುಟ್ಟ ತಾಣವನ್ನು ನಡೆಸುತ್ತಿದ್ದೇನೆ. ಒಟ್ಟು ಅರವತ್ತು ಲೇಖನಗಳಿವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ತಂತಿ ಎಳೆದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು, ಇವೆಲ್ಲವನ್ನೂ ಕುರಿತು ಬರೆದಿದ್ದೇನೆ. ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಎಲ್ಲೆಲ್ಲಿಂದಲೋ ಓದಿ, ತಮ್ಮ ಮನೆಯಲ್ಲಿರುವ ಹಳೆಯ ಚಿತ್ರಗಳನ್ನು ಕಳುಹಿಸುತ್ತಾರೆ.

ಈ ತಾಣವನ್ನು ಜಿಲ್ಲೆಯ ಇತಿಹಾಸ, ದೇವಸ್ಥಾನ, ಪ್ರವಾಸ ಎಲ್ಲ ಸೇರಿದ ದೊಡ್ಡ ತಾಣವನ್ನಾಗಿ ಮಾಡಿ ಎಂದು ಹಲವರು ಸಲಹೆ ಕೊಟ್ಟರೂ ನಾನು ಒಪ್ಪಲಿಲ್ಲ. ತಾತ ಇಳಿದ ಶಾಫ್ಟಿನ ಹೆಸರನ್ನು ಹುಡುಕಿಕೊಂಡು ಬಂದವರಿಗೆ, ಇದನ್ನು ಬರೆದವನಿಗೆ ಈ ವಿಷಯ ಬಿಟ್ಟು ಬೇರೆ ಧ್ಯಾನವಿಲ್ಲ ಎಂದು ಮೊದಲ ನೋಟಕ್ಕೇ ತಿಳಿಯಬೇಕು. ತಮ್ಮ ಮನೆಯ ಚಿತ್ರವನ್ನು ಅವರು ನನ್ನ ಕೈಗೆ ಕೊಡುವುದು ಆ ನಂಬಿಕೆಯಿಂದ. ರೇಷ್ಮೆ ಇಲಾಖೆಯ ಹಿರಿಯರು ಹೇಳುತ್ತಿರುವುದೂ ಇದನ್ನೇ ಎಂದು ನನಗೆ ಅನಿಸುತ್ತದೆ, ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅಡಿಕೆ ಹಾಳೆ, ಗುಬ್ಬಿ
ಭಾನುವಾರ, ರಾತ್ರಿ 8.30

ಐದು ತಾಣಗಳನ್ನು ನಿಜವಾಗಿಯೂ ನಡೆಸಿ ಸೋತವನು ನಾನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಏಳು ವರ್ಷಗಳ ಹಿಂದೆ ಅಡಿಕೆಗೆ ಒಂದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಒಂದು, ಅಡುಗೆಗೆ ಒಂದು, ಜಿಲ್ಲೆಯ ದೇವಸ್ಥಾನಗಳಿಗೆ ಒಂದು, ಸರ್ಕಾರಿ ಯೋಜನೆಗಳಿಗೆ ಒಂದು ಎಂದು ಐದು ತಾಣಗಳನ್ನು ತೆರೆದೆ. ಮೊದಲ ವರ್ಷ ಉತ್ಸಾಹದಲ್ಲಿ ಕಳೆಯಿತು. ಎರಡನೇ ವರ್ಷದಿಂದ ನಾನು ಬರೆಯುವುದಕ್ಕಿಂತ ಹೆಚ್ಚು ಹೊತ್ತನ್ನು ತಾಣಗಳನ್ನು ಕಾಯುವುದಕ್ಕೆ ಕೊಡಬೇಕಾಯಿತು. ಐದು ಕಡೆ ತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶವನ್ನು ಹೊಸದು ಮಾಡಬೇಕು, ಐದು ಕಡೆ ಅದಕ್ಕೆ ಜೋಡಿಸಿದ ಪ್ಲಗಿನ್‌ಗಳನ್ನು ನೋಡಬೇಕು, ಐದು ಬ್ಯಾಕಪ್ ತೆಗೆಯಬೇಕು, ಭದ್ರತಾ ಪ್ರಮಾಣಪತ್ರ ತಾನಾಗಿ ನವೀಕರಣವಾಗದೆ ಯಾವುದಾದರೂ ಒಂದು ತಾಣದಲ್ಲಿ ಎಚ್ಚರಿಕೆಯ ಪುಟ ಕಾಣಿಸಿಕೊಂಡರೆ ಅದನ್ನು ಓದುಗರೇ ಹೇಳುವವರೆಗೆ ನನಗೆ ತಿಳಿಯುತ್ತಿರಲಿಲ್ಲ. ಡೊಮೇನ್ ಒಂದಕ್ಕೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಎಂದರೆ ಕಡಿಮೆಯೆನಿಸುತ್ತದೆ, ಆದರೆ ನಿಜವಾದ ಖರ್ಚು ಹಣದಲ್ಲಿ ಇರಲಿಲ್ಲ.

ಮೂರನೇ ವರ್ಷ ಅಡುಗೆಯ ತಾಣದಲ್ಲಿ ಹಳೆಯದಾಗಿ ಬಿದ್ದಿದ್ದ ಒಂದು ಪ್ಲಗಿನ್ ಮೂಲಕ ಯಾರೋ ನುಗ್ಗಿದರು. ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಐದನ್ನೂ ಇಟ್ಟಿದ್ದರಿಂದ ಉಳಿದ ನಾಲ್ಕಕ್ಕೂ ಸೋಂಕು ಹರಡಿತು. ಬೇರೆಬೇರೆ ತಾಣಗಳಿದ್ದರೆ ಅಪಾಯವೂ ಹಂಚಿಹೋಗುತ್ತದೆ ಎಂದು ನಾನು ನಂಬಿದ್ದು ಅಂದಿಗೆ ಮುಗಿಯಿತು. ಅದರ ಮರುವರ್ಷ, ದೇವಸ್ಥಾನಗಳ ತಾಣದ ಡೊಮೇನಿಗೆ ನವೀಕರಣದ ಸೂಚನೆಗಳು ನಾನು ಬಿಟ್ಟುಹಾಕಿದ್ದ ಹಳೆಯ ಮಿಂಚಂಚೆಗೆ ಹೋಗಿ, ಗಡುವು ಮೀರಿ, ಆ ಹೆಸರನ್ನು ಬೇರೆ ಯಾರೋ ಕೊಂಡರು. ಈಗ ಆ ವಿಳಾಸದಲ್ಲಿ ಜೂಜಿನ ಜಾಹೀರಾತು ಇದೆ. ಕೈದಾಳದ ಚೆನ್ನಕೇಶವ ದೇವಾಲಯದ ಬಗ್ಗೆ ನಾನು ಬರೆದ ಲೇಖನಕ್ಕೆ ಶಾಲೆಯ ಶಿಕ್ಷಕರೊಬ್ಬರು ತಮ್ಮ ಪುಟದಲ್ಲಿ ಕೊಂಡಿ ಕೊಟ್ಟಿದ್ದರು. ಅದನ್ನು ಒತ್ತಿದ ಮಕ್ಕಳು ಎಲ್ಲಿಗೆ ಹೋಗಿ ಸೇರಿದರೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಉಳಿಸಿಕೊಂಡದ್ದು ಅಡಿಕೆಯ ತಾಣವನ್ನು ಮಾತ್ರ. ನಾನು ತೋಟಕ್ಕೆ ಹೋಗುವವನು, ಅಡಿಕೆಯ ಬಗ್ಗೆ ಯಾರಾದರೂ ಕೇಳಿದರೆ ಅಂದೇ ಉತ್ತರಿಸಬಲ್ಲೆ. ಉಳಿದ ನಾಲ್ಕರ ಬಗ್ಗೆ ನನಗೆ ಆಸಕ್ತಿಯಿತ್ತು, ದಿನವೂ ನೋಡಿಕೊಳ್ಳುವ ಕೈಗಳಿರಲಿಲ್ಲ. ನಿಮ್ಮ ಐದು ತಾಣಗಳಿಗೆ ಐದು ಜನ ಇದ್ದಾರೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ ಸರ್.

ಹಿಪ್ಪುನೇರಳೆ, ಚಿಂತಾಮಣಿ
ಸೋಮವಾರ, ಬೆಳಿಗ್ಗೆ 5.50

ಗುಬ್ಬಿಯ ಮಿತ್ರರು ಇಷ್ಟು ಮನಬಿಚ್ಚಿ ಬರೆದದ್ದಕ್ಕೆ ಕೃತಜ್ಞ. ಆದರೂ ಒಡೆಯಬೇಕೆನ್ನುವ ಯೋಚನೆ ನಮಗೆ ಬಂದದ್ದು ಹಣಕ್ಕಾಗಿ ಅಲ್ಲ, ಪದಗಳ ತೊಡಕಿನಿಂದ. ಅದನ್ನು ಮೊದಲೇ ಹೇಳಬೇಕಿತ್ತು.

ನಮ್ಮ ತಾಣದ ಹುಡುಕು ಪೆಟ್ಟಿಗೆಯಲ್ಲಿ ರೇಷ್ಮೆಯವರು ‘ಜ್ವರ’ ಎಂದು ಬರೆದರೆ ಅವರ ಮನಸ್ಸಿನಲ್ಲಿರುವುದು ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ. ಅದು ಕಾಯಿಲೆಯಲ್ಲ. ಅವರಿಗೆ ಮೊದಲು ಕಾಣಿಸುವುದು ಹಸುವಿನ ಕಾಲುಬಾಯಿ ಜ್ವರದ ಲೇಖನ. ‘ಹಣ್ಣು’ ಎಂದರೆ ಅವರಿಗೆ ಗೂಡು ಕಟ್ಟಲು ಸಿದ್ಧವಾಗಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡಬೇಕಾದ ಹುಳು, ಬರುವುದು ಬಾದಾಮಿ ಮಾವಿನ ಚಿತ್ರ. ‘ನೊಣ’ ಎಂದರೆ ಅವರು ಕೇಳುವುದು ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣವನ್ನು, ಮಾವಿನವರು ಕೇಳುವುದು ಹಣ್ಣಿನ ನೊಣವನ್ನು. ಎಲ್ಲಕ್ಕಿಂತ ಕಷ್ಟದ್ದು ‘ಕಾಯಿ’ ಎಂಬ ಪದ. ತಿಪಟೂರಿನವರು ಕಾಯಿ ಎಂದರೆ ತೆಂಗಿನಕಾಯಿ, ಶ್ರೀನಿವಾಸಪುರದವರು ಕಾಯಿ ಕೀಳುವ ಕಾಲ ಎಂದರೆ ಮಾವು, ಟೊಮೆಟೊ ಬೆಳೆದವರು ಕಾಯಿ ಒಡೆಯುತ್ತಿದೆ ಎಂದರೆ ಟೊಮೆಟೊ. ‘ಇವತ್ತಿನ ಕಾಯಿ ರೇಟು’ ಎಂದು ಮೂವರೂ ಒಂದೇ ಸಾಲನ್ನು ಬರೆಯುತ್ತಾರೆ. ಬೇರೆಬೇರೆ ತಾಣಗಳಿದ್ದರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಬೆಟ್ಟದ ನೆಲ್ಲಿ, ಪಾವಗಡ
ಸೋಮವಾರ, ಬೆಳಿಗ್ಗೆ 10.20

ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗು ಮಾತನಾಡುವವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ತೆಲುಗಿನಲ್ಲಿಯೂ ಬರೆಯುವ ಯೋಚನೆ ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ನೆನಪಿಸುತ್ತಿದ್ದೇನೆ. ಐದು ಬೆಳೆಗೆ ಎರಡು ಭಾಷೆ ಎಂದರೆ ಹತ್ತು ತಾಣಗಳಾಗುತ್ತವೆ.

ಮಾವಿನ ತೋಪು, ಶ್ರೀನಿವಾಸಪುರ
ಸೋಮವಾರ, ಮಧ್ಯಾಹ್ನ 2.45

ಚಿಂತಾಮಣಿಯ ಅಣ್ಣನವರಿಗೆ ನಮಸ್ಕಾರ. ನಿಮ್ಮ ತಾಣವನ್ನು ಓದುವವಳು ನಾನು, ಜಾಲತಾಣ ಕಟ್ಟುವ ಕೆಲಸ ನನಗೆ ಗೊತ್ತಿಲ್ಲ. ಆದರೆ ಇಲ್ಲಿ ಎಲ್ಲರೂ ರೇಷ್ಮೆಯವರು, ಮಾವಿನವರು, ಟೊಮೆಟೊದವರು ಎಂದು ಬೇರೆಬೇರೆ ಜನರಿರುವಂತೆ ಬರೆಯುತ್ತಿರುವುದನ್ನು ನೋಡಿ ನನ್ನ ಮನೆಯ ಸಂಗತಿಯನ್ನು ಹೇಳಬೇಕೆನಿಸಿತು.

ನಮಗೆ ಮೂರು ಎಕರೆ ಮಾವಿನ ತೋಪು ಇದೆ. ಅದು ವರ್ಷಕ್ಕೊಮ್ಮೆ ಕೈ ಹಿಡಿಯುತ್ತದೆ, ಹೂವಿನ ಕಾಲದಲ್ಲಿ ಜಿಗಿ ಹುಳುವೋ ಬೂದಿ ರೋಗವೋ ಬಂದರೆ ಅದೂ ಇಲ್ಲ. ಕೊಳವೆ ಬಾವಿಯ ನೀರು ಎಟುಕುವ ಒಂದು ಎಕರೆಯಲ್ಲಿ ಟೊಮೆಟೊ, ಇನ್ನೊಂದು ಎಕರೆಯಲ್ಲಿ ಹಿಪ್ಪುನೇರಳೆ ಇವೆ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿವೆ, ದಿನದ ಖರ್ಚು ಡೇರಿಗೆ ಹಾಕುವ ಹಾಲಿನಿಂದ ನಡೆಯುತ್ತದೆ. ಹುಳು ತಿಂದು ಬಿಟ್ಟ ಸೊಪ್ಪು ಹಸುವಿಗೆ ಹೋಗುತ್ತದೆ, ಹಸುವಿನ ಗೊಬ್ಬರ ಹಿಪ್ಪುನೇರಳೆಗೆ ಬರುತ್ತದೆ. ನಮ್ಮ ಕಡೆ ರೇಷ್ಮೆ ಮತ್ತು ಹಾಲು ಎಂದು ಜೊತೆಯಲ್ಲೇ ಹೇಳುವುದು ಸುಮ್ಮನೆ ಅಲ್ಲ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಬೇಕೆಂದು ನಮ್ಮ ಮನೆಯವರು ಹಟ ಹಿಡಿದಿದ್ದರು. ಆ ವಾರ ನಿಮ್ಮ ತಾಣದಲ್ಲಿ ಟೊಮೆಟೊ ಪುಟವನ್ನು ನೋಡುತ್ತಿದ್ದವಳಿಗೆ ಅದರ ಕೆಳಗೇ ಗೂಡಿನ ಲೆಕ್ಕದ ಲೇಖನ ಸಿಕ್ಕಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿ, ನಾವು ಹಿಪ್ಪುನೇರಳೆಯನ್ನು ಉಳಿಸಿಕೊಂಡೆವು. ಬೇರೆಬೇರೆ ತಾಣಗಳಾಗಿದ್ದರೆ ನನಗೆ ಆ ಲೇಖನ ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನೊಂದು ಮಾತು. ಪಕ್ಕದ ಟೊಮೆಟೊಗೆ ಔಷಧಿ ಹೊಡೆದರೆ ಗಾಳಿಗೆ ಅದು ಹಿಪ್ಪುನೇರಳೆಯ ಮೇಲೆ ಬಿದ್ದು, ಆ ಸೊಪ್ಪು ತಿಂದ ಹುಳು ಸಾಯುತ್ತದೆ. ಇದರ ಬಗ್ಗೆ ಬರೆದರೆ ಅದನ್ನು ಟೊಮೆಟೊ ತಾಣದಲ್ಲಿ ಇಡುತ್ತೀರೋ, ರೇಷ್ಮೆ ತಾಣದಲ್ಲಿ ಇಡುತ್ತೀರೋ? ಓದಬೇಕಾದವರು ಔಷಧಿ ಹೊಡೆಯುವವರು, ನಷ್ಟವಾಗುವುದು ಹುಳು ಸಾಕುವವರಿಗೆ.

ಗಣಿಯ ನೆನಪು, ಕೆ.ಜಿ.ಎಫ್.
ಸೋಮವಾರ, ಸಂಜೆ 5.30

ಶ್ರೀನಿವಾಸಪುರದ ತಾಯಿ ಹೇಳಿದ್ದು ನನ್ನ ವಾದದಲ್ಲಿದ್ದ ಕೊರತೆಯನ್ನು ತೋರಿಸಿತು. ನನ್ನ ಓದುಗರು ಗಣಿಯ ಒಂದೇ ನೆನಪನ್ನು ಹುಡುಕಿಕೊಂಡು ಬರುವವರು. ಬೇಸಾಯದ ಮನೆಯ ಓದುಗರ ರೀತಿ ಬೇರೆಯಿದೆ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲುಗಳಲ್ಲಿ ಹಾಕುವ ಮನೆಗಳಿಗೆ ಸಾಲು ಬೇರೆಯಿದ್ದರೂ ಹೊಲ ಒಂದೇ. ನಂಬಿಕೆಯ ಬಗ್ಗೆ ನಾನು ಹೇಳಿದ್ದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಒಂದೇ ತಾಣದಲ್ಲಿದ್ದರೂ ಪ್ರತಿ ಲೇಖನದ ಕೆಳಗೆ ಬರೆದವರು ಯಾರು, ಅವರು ಆ ಬೆಳೆಯನ್ನು ಎಷ್ಟು ವರ್ಷ ಬೆಳೆದಿದ್ದಾರೆ ಎಂಬುದು ಇರಲೇಬೇಕು.

ಪ್ಯಾಸೆಂಜರ್ ರೈಲು, ತುಮಕೂರು
ಸೋಮವಾರ, ರಾತ್ರಿ 9.40

ಪದಗಳ ತೊಡಕು ನಿಜವಾದದ್ದು, ಆದರೆ ಅದಕ್ಕೆ ತಾಣವನ್ನು ಒಡೆಯಬೇಕಾಗಿಲ್ಲ. ಒಂದೇ ಡೊಮೇನಿನ ಅಡಿಯಲ್ಲಿ ರೇಷ್ಮೆ, ಮಾವು, ಟೊಮೆಟೊ, ಹೈನು ಎಂದು ಬೇರೆಬೇರೆ ವಿಭಾಗಗಳನ್ನು ಮಾಡಿ, ಪ್ರತಿ ವಿಭಾಗಕ್ಕೂ ಅದರದೇ ಮುಖಪುಟವನ್ನು ಮತ್ತು ಅದರೊಳಗೆ ಮಾತ್ರ ಹುಡುಕುವ ಪೆಟ್ಟಿಗೆಯನ್ನು ಇಡಬಹುದು. ರೇಷ್ಮೆಯ ಮುಖಪುಟದಲ್ಲಿ ‘ಜ್ವರ’ ಎಂದು ಬರೆದವರಿಗೆ ಹುಳುವಿನ ಜ್ವರವೇ ಸಿಗುತ್ತದೆ. ಹೊರಗಿನ ಹುಡುಕಾಟಕ್ಕೆ ಬೇಕಾದದ್ದು ಶೀರ್ಷಿಕೆಯಲ್ಲಿ ಸ್ಪಷ್ಟತೆ. ಬರೀ ‘ಕಾಯಿ ದರ’ ಎನ್ನದೆ ‘ತಿಪಟೂರು ತೆಂಗಿನಕಾಯಿ ದರ’ ಎಂದೇ ಬರೆಯಿರಿ. ವಿಭಾಗಗಳನ್ನು ಡೊಮೇನಿನ ಮುಂದೆ ಇನ್ನೊಂದು ಹೆಸರು ಸೇರಿಸಿದ ಉಪಡೊಮೇನಿನಲ್ಲಿ ಇಡಬೇಕೋ ಅಥವಾ ಡೊಮೇನಿನ ನಂತರದ ಓರೆಗೆರೆಯ ಆಚೆ ಇಡಬೇಕೋ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗೂಗಲ್ ಎರಡನ್ನೂ ಒಪ್ಪುತ್ತದೆ, ಆದರೆ ಮೂವರೇ ನಡೆಸುವಾಗ ಓರೆಗೆರೆಯ ವ್ಯವಸ್ಥೆಯೇ ಹಗುರ.

ಇನ್ನು ಒಡೆಯುವುದು ಯಾವಾಗ ಸರಿ ಎಂಬುದಕ್ಕೆ ನನಗೆ ತುಂಬ ಹಿಡಿಸಿದ ಉದಾಹರಣೆ ಸ್ಟ್ಯಾಕ್ ಎಕ್ಸ್‌ಚೇಂಜ್ ಎಂಬ ಪ್ರಶ್ನೋತ್ತರ ತಾಣಗಳ ಗುಂಪು. 2008ರಲ್ಲಿ ಪ್ರೋಗ್ರಾಮ್ ಬರೆಯುವವರ ಪ್ರಶ್ನೋತ್ತರಕ್ಕಾಗಿ ಸ್ಟ್ಯಾಕ್ ಓವರ್‌ಫ್ಲೋ ಆರಂಭವಾಯಿತು. ಸರ್ವರ್ ನೋಡಿಕೊಳ್ಳುವವರಿಗೆಂದು 2009ರಲ್ಲಿ ಬೇರೆಯದು ಬಂತು. 2010ರಿಂದ, ಹೊಸ ವಿಷಯಕ್ಕೆ ತಾಣ ಬೇಕು ಎನ್ನುವವರು ಮೊದಲು ಅದನ್ನು ಪ್ರಸ್ತಾಪಿಸಿ, ಅದರಲ್ಲಿ ಪ್ರಶ್ನೆ ಕೇಳಿ ಉತ್ತರಿಸಲು ಒಪ್ಪಿ ಹೆಸರು ಕೊಡುವಷ್ಟು ಜನರನ್ನು ಸೇರಿಸಬೇಕು, ಜನ ಸೇರಿದ ಮೇಲೆಯೇ ತಾಣ ತೆರೆಯುತ್ತದೆ ಎಂಬ ಕ್ರಮವನ್ನು ತಂದರು. ಗುಬ್ಬಿಯ ಮಿತ್ರರು ಕೇಳಿದ ಪ್ರಶ್ನೆಯನ್ನೇ ಅವರು ನಿಯಮ ಮಾಡಿಕೊಂಡಿದ್ದರು.

ಒಂದು ಕೆಲಸ ಮಾಡಿ ಸರ್. ಭೇಟಿಗಳ ಲೆಕ್ಕ ಇಡುವ ಸಾಧನ ನಿಮ್ಮ ತಾಣದಲ್ಲಿ ಇದ್ದರೆ, ಒಂದು ವಿಭಾಗವನ್ನು ಓದಿದವರು ಅದೇ ಭೇಟಿಯಲ್ಲಿ ಇನ್ನಾವ ವಿಭಾಗಕ್ಕೆ ಹೋಗುತ್ತಾರೆ ಎಂಬುದನ್ನು ತೆಗೆದು ನೋಡಿ. ಯಾವ ಬೇಲಿ ಓದುಗರಲ್ಲೇ ಇದೆ, ಯಾವುದು ನಮ್ಮ ಮನಸ್ಸಿನಲ್ಲಿ ಮಾತ್ರ ಇದೆ ಎಂಬುದು ಅಲ್ಲಿ ಕಾಣುತ್ತದೆ.

ಹಿಪ್ಪುನೇರಳೆ, ಚಿಂತಾಮಣಿ
ಬುಧವಾರ, ರಾತ್ರಿ 10.10

ಎರಡು ರಾತ್ರಿ ಕುಳಿತು ನೋಡಿದೆ. ರೇಷ್ಮೆ, ಟೊಮೆಟೊ, ಹೈನು ಈ ಮೂರರ ನಡುವೆ ಓದುಗರು ನಿರಂತರವಾಗಿ ಓಡಾಡುತ್ತಿದ್ದಾರೆ. ಮಾವಿನ ಪುಟಗಳಿಗೆ ಬಂದವರೂ, ಮೇ ಮತ್ತು ಜೂನ್ ತಿಂಗಳುಗಳನ್ನು ಬಿಟ್ಟರೆ, ಉಳಿದ ವಿಭಾಗಗಳಿಂದ ಬಂದವರೇ. ಶ್ರೀನಿವಾಸಪುರದ ತಂಗಿ ಹೇಳಿದ ಮನೆಯ ಚಿತ್ರವೇ ಅಲ್ಲಿಯೂ ಇದೆ. ಆದರೆ ತೆಂಗು, ಅಡಿಕೆ ಓದಿದವರಲ್ಲಿ ಬೇರೆ ಕಡೆಗೆ ಕಾಲಿಟ್ಟವರು ತೀರಾ ವಿರಳ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವರು ನಮ್ಮ ಉಳಿದ ಪುಟಗಳನ್ನು ನೋಡಿಯೇ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಉಂಡೆ ಕೊಬ್ಬರಿಯ ಹರಾಜು, ನುಸಿ, ಕಾಂಡ ಸೋರುವ ರೋಗ ಇವೇ ಬೇಕು. ಕೋಲಾರದ ಟೊಮೆಟೊ ಮಂಡಿಯಿಂದ ಅವರಿಗೆ ಏನಾಗಬೇಕು?

ಕೊಬ್ಬರಿ ಅಂಗಳ, ತಿಪಟೂರು
ಗುರುವಾರ, ಬೆಳಿಗ್ಗೆ 7.00

ಐದು ತಾಣ ಬೇಕೆಂದು ವಾದಿಸಿದ ಆ ಮೂರನೆಯವನು ನಾನೇ. ಇಲ್ಲಿ ಬಂದ ಮಾತುಗಳನ್ನು ಓದಿದ ಮೇಲೆ ಐದರ ಹಟವನ್ನು ಬಿಡುತ್ತೇನೆ. ಆದರೆ ತೆಂಗಿನದನ್ನು ಬೇರೆ ಮಾಡುವ ಕೆಲಸಕ್ಕೆ ಕೈ ಎಲ್ಲಿದೆ ಎಂದು ಕೇಳಿದರೆ ಉತ್ತರ ನನ್ನಲ್ಲಿದೆ. ನಮ್ಮ ಮನೆಯಲ್ಲಿ ಹರಾಜಿನ ದಿನ ತಪ್ಪದೆ ಮಾರುಕಟ್ಟೆಗೆ ಹೋಗುವವರಿದ್ದಾರೆ, ದರವನ್ನು ಆ ದಿನವೇ ಹಾಕಬಲ್ಲೆ. ತುರುವೇಕೆರೆಯ ತೋಟದವರೊಬ್ಬರು ಮತ್ತು ತೋಟಗಾರಿಕೆ ಓದಿರುವ ನನ್ನ ಸಹಪಾಠಿಯೊಬ್ಬಳು ಬರೆಯಲು ಒಪ್ಪಿದ್ದಾರೆ. ಗುಬ್ಬಿಯ ಅಣ್ಣ ಅನುಮತಿ ಕೊಟ್ಟರೆ ಅಡಿಕೆಯ ಬಗ್ಗೆ ನಾವು ಬರೆದಿರುವ ಲೇಖನಗಳನ್ನು ಅವರ ತಾಣಕ್ಕೇ ಒಪ್ಪಿಸಿ, ನಾವು ತೆಂಗಿಗೆ ಮಾತ್ರ ನಿಲ್ಲುತ್ತೇವೆ. ಒಂದೇ ವಿಷಯಕ್ಕೆ ಜಿಲ್ಲೆಯೊಳಗೆ ಎರಡು ತಾಣಗಳು ಏಕೆ?

ಅಡಿಕೆ ಹಾಳೆ, ಗುಬ್ಬಿ
ಗುರುವಾರ, ಬೆಳಿಗ್ಗೆ 8.20

ಸಂತೋಷದಿಂದ ಒಪ್ಪಿದ್ದೇನೆ ತಮ್ಮ. ಲೇಖನ ಬರೆದವರ ಹೆಸರು ಹಾಗೆಯೇ ಉಳಿಯುತ್ತದೆ. ಡೊಮೇನನ್ನು ಒಬ್ಬರ ಮಿಂಚಂಚೆಗೆ ಮಾತ್ರ ಕಟ್ಟಿಹಾಕಬೇಡಿ, ನವೀಕರಣದ ಸೂಚನೆ ಇಬ್ಬರಿಗಾದರೂ ಬರುವಂತೆ ಮಾಡಿ, ಸಾಧ್ಯವಾದರೆ ಮೂರು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟಿ. ಎರಡೂ ತಾಣಗಳನ್ನು ಒಂದೇ ಹೋಸ್ಟಿಂಗ್ ಖಾತೆಯಲ್ಲಿ ಇಡಬೇಡಿ.

ಪ್ಯಾಸೆಂಜರ್ ರೈಲು, ತುಮಕೂರು
ಗುರುವಾರ, ರಾತ್ರಿ 9.55

ಹಾಗಾದರೆ ಸ್ಥಳಾಂತರದ ಬಗ್ಗೆ ಕೆಲವು ಎಚ್ಚರಿಕೆಗಳು. ಲೇಖನವನ್ನು ಹೊಸ ತಾಣಕ್ಕೆ ಒಯ್ದು ಹಳೆಯದನ್ನೂ ಇದ್ದಲ್ಲೇ ಬಿಟ್ಟರೆ ಎರಡೂ ಪ್ರತಿಗಳು ಒಂದಕ್ಕೊಂದು ಅಡ್ಡ ಬರುತ್ತವೆ, ಹಳೆಯದನ್ನು ಅಳಿಸಿಬಿಟ್ಟರೆ ಅದಕ್ಕೆ ಕೊಂಡಿ ಕೊಟ್ಟವರೆಲ್ಲರೂ ಖಾಲಿ ಪುಟಕ್ಕೆ ಬರುತ್ತಾರೆ. ಆದ್ದರಿಂದ ಒಯ್ಯುವ ಪ್ರತಿಯೊಂದು ಲೇಖನದ ಹಳೆಯ ವಿಳಾಸದಿಂದ ಹೊಸ ವಿಳಾಸಕ್ಕೆ 301 ಎಂಬ ಶಾಶ್ವತ ರೀಡೈರೆಕ್ಟ್ (ಓದುಗರನ್ನು ತಾನಾಗಿ ತಿರುಗಿಸುವ ಏರ್ಪಾಡು) ಹಾಕಬೇಕು. ಎಲ್ಲವನ್ನೂ ಹೊಸ ತಾಣದ ಮುಖಪುಟಕ್ಕೆ ತಿರುಗಿಸುವುದು ತಪ್ಪು, ಲೇಖನದಿಂದ ಲೇಖನಕ್ಕೇ ತಿರುಗಿಸಿ. ಇವನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ, ನೀವು ತೆಗೆಯಲೇಬೇಡಿ. ತಾಣ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸುವ ಸೌಲಭ್ಯ ಇಡೀ ತಾಣವೇ ಬೇರೆ ಹೆಸರಿಗೆ ಹೋಗುವಾಗ ಬಳಸುವಂಥದ್ದು, ಒಂದು ವಿಭಾಗ ಮಾತ್ರ ಹೋಗುವಾಗ ಅದನ್ನು ಮುಟ್ಟಬೇಡಿ. ಅಲ್ಲಿ ಹುಡುಕಾಟದ ಅಂಕಿಗಳು 16 ತಿಂಗಳಿನವರೆಗೆ ಮಾತ್ರ ಉಳಿಯುತ್ತವೆ, ಈಗಲೇ ಇಳಿಸಿಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಆಗುತ್ತದೆ. ಮೊದಲ ಕೆಲವು ವಾರ ಭೇಟಿಗಳು ಕುಸಿಯಬಹುದು, ಅದಕ್ಕೆ ಹೆದರಿ ಮತ್ತೆ ಹಿಂದಕ್ಕೆ ತಿರುಗಿಸಿದರೆ ನಷ್ಟ ಎರಡರಷ್ಟಾಗುತ್ತದೆ.

ಹಿಪ್ಪುನೇರಳೆ, ಚಿಂತಾಮಣಿ
ಭಾನುವಾರ, ಬೆಳಿಗ್ಗೆ 6.15

ನಿನ್ನೆ ಮೂವರೂ ಹಿರಿಯರ ಮನೆಯಲ್ಲಿ ಸೇರಿ ಮಾತನಾಡಿದೆವು. ತೆಂಗು ತನ್ನದೇ ಹೆಸರಿನಲ್ಲಿ ಬೇರೆ ತಾಣವಾಗುತ್ತದೆ, ಅದರ ಜವಾಬ್ದಾರಿ ತಿಪಟೂರಿನ ತಮ್ಮನದು. ಅಡಿಕೆಯ ಲೇಖನಗಳು ಗುಬ್ಬಿಗೆ ಹೋಗುತ್ತವೆ. ರೇಷ್ಮೆ, ಟೊಮೆಟೊ, ಮಾವು, ಹೈನು ಒಂದೇ ತಾಣದಲ್ಲಿ ಉಳಿದು, ನಾಲ್ಕಕ್ಕೂ ಬೇರೆ ಮುಖಪುಟ ಬರುತ್ತದೆ. ರೇಷ್ಮೆಗೆ ಪ್ರತ್ಯೇಕ ತಾಣ ಬೇಕೆಂದಿದ್ದ ಹಿರಿಯರು, ಶ್ರೀನಿವಾಸಪುರದ ತಂಗಿಯ ಬರಹವನ್ನು ಎರಡು ಸಲ ಓದಿಸಿಕೊಂಡು ಕೇಳಿ, ಒಪ್ಪಿದರು. ರೇಷ್ಮೆಯ ಮುಖಪುಟದಲ್ಲಿ ಚಾಕಿಯಿಂದ (ಎಳೆ ಹುಳುವಿನ ಸಾಕಣೆಯಿಂದ) ಚಂದ್ರಿಕೆಯವರೆಗೆ ನಮ್ಮ ಕಡೆ ಬಳಸುವ ಪದಗಳ ಪಟ್ಟಿಯೊಂದು ಇರಬೇಕು, ಅದನ್ನು ತಾವೇ ಬರೆಯಬೇಕು ಎಂಬುದು ಅವರು ಕೇಳಿದ ಒಂದೇ ಶರತ್ತು. ಹೈನುಗಾರಿಕೆಯ 30ರಲ್ಲಿ 11 ಲೇಖನಗಳು ನಾವು ಸ್ವತಃ ನೋಡಿ ತಿಳಿದು ಬರೆದವಲ್ಲ, ಅವನ್ನು ತೆಗೆದುಹಾಕುತ್ತಿದ್ದೇವೆ. ತೆಲುಗಿನ ವಿಚಾರವನ್ನು ಬರೆಯುವವರು ಸಿಕ್ಕಿದ ಮೇಲೆ ನೋಡೋಣ ಎಂದುಕೊಂಡಿದ್ದೇವೆ.

ಮಾವಿನ ತೋಪು, ಶ್ರೀನಿವಾಸಪುರ
ಭಾನುವಾರ, ಬೆಳಿಗ್ಗೆ 11.30

ಬಹಳ ಸಂತೋಷವಾಯಿತು ಅಣ್ಣ. ಔಷಧಿ ಬಿದ್ದ ಸೊಪ್ಪಿನ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಹಿಪ್ಪುನೇರಳೆ, ಚಿಂತಾಮಣಿ
ಭಾನುವಾರ, ಮಧ್ಯಾಹ್ನ 1.05

ಹಿರಿಯರು ಬರೆದು ಕೊಟ್ಟಿದ್ದಾರೆ ತಂಗಿ, ಇವತ್ತು ರಾತ್ರಿ ಪ್ರಕಟಿಸುತ್ತೇವೆ. ಲೇಖನ ಒಂದೇ, ವಿಳಾಸವೂ ಒಂದೇ. ಟೊಮೆಟೊದ ಮುಖಪುಟದಲ್ಲಿಯೂ ರೇಷ್ಮೆಯ ಮುಖಪುಟದಲ್ಲಿಯೂ ಅದು ಮೊದಲನೆಯದಾಗಿ ಕಾಣುತ್ತದೆ. ನಮ್ಮ ಪಕ್ಕದ ಹೊಲದವರು ಗುರುವಾರ ಟೊಮೆಟೊಗೆ ಔಷಧಿ ಹೊಡೆಯುತ್ತಾರಂತೆ, ನನ್ನ ಮನೆಯಲ್ಲಿ ಹುಳು ಮೂರನೇ ಜ್ವರದಲ್ಲಿದೆ. ಅವರಿಗೆ ಇದರ ಕೊಂಡಿಯನ್ನು ನಾನೇ ಮೊದಲು ಕಳುಹಿಸುತ್ತೇನೆ.